ತಮ್ಮ ಹುಟ್ಟುವ ತನಕ: ಆಸ್ತೂರಿಯಾಸ್ ಬಿರುದನ್ನು ಹೊತ್ತ ಹೆಣ್ಣುಮಕ್ಕಳು

2023ರ ಅಕ್ಟೋಬರ್ 31ರಂದು, ಅದೇ ದಿನ ಹದಿನೆಂಟು ತುಂಬಿದ ಲೆಯೊನೊರ್ ಅವರು ಮ್ಯಾಡ್ರಿಡ್‌ನ ಸಂಸತ್ ಭವನದಲ್ಲಿ ಸಂವಿಧಾನದ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ್ದನ್ನು ನಾನು ಮೊಬೈಲಿನ ಪರದೆಯಲ್ಲಿ ನೋಡಿದೆ. ಸ್ಪೇನ್‌ನ ಈಗಿನ ರಾಜ ಆರನೆಯ ಫೆಲಿಪೆ ಅವರ ಹಿರಿಯ ಮಗಳಾದ ಅವರಿಗೆ ‘ಆಸ್ತೂರಿಯಾಸ್‌ನ ರಾಜಕುಮಾರಿ’ ಎಂಬ ಬಿರುದಿದೆ. ಆ ದೇಶದಲ್ಲಿ ಮುಂದಿನ ಪಟ್ಟ ಯಾರದು ಎಂಬುದನ್ನು ಹೇಳುವ ಬಿರುದು ಅದು. ಗಂಡಾದರೆ ರಾಜಕುಮಾರ, ಹೆಣ್ಣಾದರೆ ರಾಜಕುಮಾರಿ. ಅಂದಿನ ಸಮಾರಂಭ ಮುಗಿದ ಮೇಲೆ, ಆಕೆ ಕೈಯಿಟ್ಟ ಆ ಸಂವಿಧಾನದಲ್ಲಿ ಉತ್ತರಾಧಿಕಾರದ ಬಗ್ಗೆ ಏನಿದೆ ಎಂದು ಹುಡುಕಿ ಓದಿದೆ. 57ನೆಯ ವಿಧಿಯ ಮೊದಲ ಭಾಗದಲ್ಲಿಯೇ, ಒಂದೇ ಮಟ್ಟದ ವಾರಸುದಾರರಲ್ಲಿ ಹೆಣ್ಣಿಗಿಂತ ಗಂಡಿಗೆ ಆದ್ಯತೆ ಎಂಬ ನಿಯಮವಿತ್ತು. ಅಂದರೆ ಅಂದು ಪ್ರಮಾಣ ಮಾಡಿದ ಆ ಯುವತಿಗೆ ಒಬ್ಬ ತಮ್ಮ ಹುಟ್ಟಿದ್ದರೆ ಆ ಬಿರುದು ಅವನದಾಗಿರುತ್ತಿತ್ತು. ಆ ಒಂದು ಸಾಲಿನ ಬೆನ್ನು ಹತ್ತಿ ಆರು ಶತಮಾನಗಳಷ್ಟು ಹಿಂದಕ್ಕೆ ಹೋದಾಗ ನನಗೆ ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಈ ಬಿರುದು ಹುಟ್ಟಿದ್ದು 1388ರಲ್ಲಿ, ಮುಂದೆ ನೆರೆಯ ಅರಾಗಾನ್ ರಾಜ್ಯದೊಡನೆ ಕೂಡಿ ಸ್ಪೇನ್ ಆದ ಕ್ಯಾಸ್ಟೀಲ್ ರಾಜ್ಯದಲ್ಲಿ, ಒಂದು ದಾಯಾದಿ ಜಗಳವನ್ನು ತೀರಿಸುವ ಸಲುವಾಗಿ. ಅದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ, 1369ರಲ್ಲಿ, ಮೊಂತಿಯೆಲ್ ಎಂಬಲ್ಲಿ ಕ್ಯಾಸ್ಟೀಲ್‌ನ ರಾಜ ಪೆದ್ರೊನನ್ನು ಅವನ ಮಲಸಹೋದರ ಎನ್ರಿಕೆ ಕೊಂದು ಸಿಂಹಾಸನವೇರಿದ್ದ. ಸತ್ತ ಪೆದ್ರೊನ ಮಗಳು ಕೊನ್‌ಸ್ತಾನ್ಸಾ ಇಂಗ್ಲೆಂಡಿನ ರಾಜಪುತ್ರ, ಲ್ಯಾಂಕಾಸ್ಟರ್‌ನ ಡ್ಯೂಕ್ ಜಾನ್ ಆಫ್ ಗಾಂಟ್‌ನನ್ನು 1371ರಲ್ಲಿ ಮದುವೆಯಾದಳು. ಅಂದಿನಿಂದ ಆ ಡ್ಯೂಕ್ ಹೆಂಡತಿಯ ಹಕ್ಕನ್ನು ಮುಂದಿಟ್ಟುಕೊಂಡು ತನ್ನನ್ನು ಕ್ಯಾಸ್ಟೀಲ್‌ನ ರಾಜನೆಂದೇ ಕರೆದುಕೊಂಡ. ಕೊಂದವನ ಮಗ ಮೊದಲನೆಯ ಹುವಾನ್ 1385ರಲ್ಲಿ ಅಲ್ಜುಬರೋತಾ ಯುದ್ಧದಲ್ಲಿ ಪೋರ್ಚುಗೀಸರಿಂದ ಹೀನಾಯವಾಗಿ ಸೋತದ್ದನ್ನು ಕಂಡ ಡ್ಯೂಕ್, ಮರುವರ್ಷವೇ ಗಲೀಸಿಯಾದ ತೀರಕ್ಕೆ ಸೈನ್ಯ ಇಳಿಸಿದ. ಆದರೆ ರಾಜ್ಯ ಗೆಲ್ಲುವುದು ಅವನಿಂದ ಆಗಲಿಲ್ಲ, ಅವನನ್ನು ಒದ್ದೋಡಿಸುವ ಬಲ ಹುವಾನನಿಗೂ ಇರಲಿಲ್ಲ. ಕೊನೆಗೆ 1388ರ ಬಯೋನ್ ಒಪ್ಪಂದದಲ್ಲಿ ಡ್ಯೂಕ್ ಮತ್ತು ಕೊನ್‌ಸ್ತಾನ್ಸಾ ದೊಡ್ಡ ಮೊತ್ತದ ಹಣಕ್ಕೆ ಹಕ್ಕನ್ನು ಬಿಟ್ಟುಕೊಟ್ಟರು. ಅವರ ಮಗಳು ಕತಲಿನಾಳನ್ನು ಹುವಾನನ ಮಗ ಎನ್ರಿಕೆಗೆ ಕೊಡುವುದೆಂದೂ, ಆ ಇಬ್ಬರೂ ಆಸ್ತೂರಿಯಾಸ್‌ನ ರಾಜಕುಮಾರ ಮತ್ತು ರಾಜಕುಮಾರಿ ಎನಿಸಿಕೊಳ್ಳುವುದೆಂದೂ ತೀರ್ಮಾನವಾಯಿತು. ಪಟ್ಟದ ವಾರಸುದಾರನಿಗೆ ಒಂದು ಪ್ರಾಂತ್ಯದ ಹೆಸರನ್ನು ಬಿರುದಾಗಿ ಕೊಡುವ ಈ ಕ್ರಮಕ್ಕೆ ಇಂಗ್ಲೆಂಡಿನ ಪ್ರಿನ್ಸ್ ಆಫ್ ವೇಲ್ಸ್ ಪದವಿಯೇ ಮಾದರಿ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಲೆನ್ಸಿಯಾದ ದೊಡ್ಡ ಚರ್ಚಿನಲ್ಲಿ ಮದುವೆ ನಡೆಯಿತು. ವರನಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ, ವಧು ಹದಿಹರೆಯದ ಹುಡುಗಿ. ಕೊಂದವನ ಮೊಮ್ಮಗನನ್ನು ಕೊಲೆಯಾದವನ ಮೊಮ್ಮಗಳ ಪಕ್ಕದಲ್ಲಿ ನಿಲ್ಲಿಸಿ, ಎರಡು ಕವಲುಗಳ ಹಕ್ಕನ್ನು ಒಂದೇ ಹೊಸ ಹೆಸರಿನಲ್ಲಿ ಗಂಟು ಹಾಕಿದ ಈ ಮದುವೆಯನ್ನು ಬಿರುದಿನ ಇತಿಹಾಸ ಹೇಳುವವರು ಸಾಮಾನ್ಯವಾಗಿ ಎನ್ರಿಕೆಯ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಮುಖ್ಯವಾಗಿ ಕತಲಿನಾಳ ಕಥೆ ಎನಿಸುತ್ತದೆ. ಕೊನ್‌ಸ್ತಾನ್ಸಾ ಎಂಬ ಹೆಣ್ಣಿನ ಹಕ್ಕಿಗೆ ಯಾವ ತೂಕವೂ ಇಲ್ಲದಿದ್ದರೆ ಈ ಒಪ್ಪಂದವೇ ಬೇಕಾಗುತ್ತಿರಲಿಲ್ಲ, ಈ ಬಿರುದೂ ಹುಟ್ಟುತ್ತಿರಲಿಲ್ಲ.

ಇನ್ನು ಆಸ್ತೂರಿಯಾಸ್ ಎಂಬ ಊರು-ನಾಡಿನ ಆಯ್ಕೆ. ಸ್ಪೇನ್‌ನ ಉತ್ತರ ಕರಾವಳಿಗೂ ಕಾಂತಾಬ್ರಿಯಾ ಪರ್ವತಸಾಲಿಗೂ ನಡುವೆ ಸಿಕ್ಕಿಕೊಂಡಿರುವ, ಮಳೆ ಮತ್ತು ಹಸಿರಿನ ಆ ಪ್ರದೇಶಕ್ಕೆ ಒವಿಯೆದೊ ರಾಜಧಾನಿ. ಎಂಟನೆಯ ಶತಮಾನದ ಆರಂಭದಲ್ಲಿ ಕೊವಡೊಂಗಾ ಎಂಬ ಬೆಟ್ಟದ ಎಡೆಯಲ್ಲಿ ಪೆಲಾಯೊ ಎಂಬ ನಾಯಕ ಮುಸ್ಲಿಂ ಸೇನೆಯನ್ನು ತಡೆದು ನಿಲ್ಲಿಸಿದನೆಂದೂ, ಮುಂದೆ ಕ್ಯಾಸ್ಟೀಲ್ ಆಗಿ ಬೆಳೆದ ರಾಜ್ಯದ ಬೇರು ಅಲ್ಲಿಯೇ ಇದೆಯೆಂದೂ ಆ ನಾಡಿನವರು ನಂಬುತ್ತಾರೆ. ಅಲ್ಲಿನ ಗುಹೆಯೊಂದರಲ್ಲಿ ಇಂದಿಗೂ ಪೆಲಾಯೊನದೆಂದು ತೋರಿಸುವ ಸಮಾಧಿ ಇದೆ. ಆದರೆ 1388ರಲ್ಲಿ ಈ ಪುರಾತನ ಕೀರ್ತಿಯ ಜೊತೆಗೆ ಹೆಚ್ಚು ಹತ್ತಿರದ ಕಾರಣವೂ ಒಂದಿತ್ತು. ರಾಜನ ಮಲಸಹೋದರನೂ ನೊರೇನ್ಯಾದ ಜಹಗೀರುದಾರನೂ ಆಗಿದ್ದ ಅಲ್ಫೊನ್ಸೊ ಆಸ್ತೂರಿಯಾಸ್‌ನಲ್ಲಿ ಬೀಡುಬಿಟ್ಟು ಮತ್ತೆ ಮತ್ತೆ ದಂಗೆಯೆದ್ದಿದ್ದ. ಅವನ ಜಹಗೀರನ್ನು ಕಿತ್ತುಕೊಂಡ ಹುವಾನ್, ಆ ನಾಡು ಇನ್ನು ಮುಂದೆ ಯಾವ ಸಾಮಂತನ ಪಾಲಾಗದೆ ಸಿಂಹಾಸನದ್ದೇ ಆಗಿ ಉಳಿಯಬೇಕೆಂದು ಬಯಸಿದ. ಅದನ್ನು ಪಟ್ಟದ ಮಗನ ಹೆಸರಿಗೆ ಕಟ್ಟಿಬಿಡುವುದಕ್ಕಿಂತ ಭದ್ರವಾದ ದಾರಿ ಬೇರೆ ಇರಲಿಲ್ಲ.

1390ರಲ್ಲಿ ಹುವಾನ್ ಕುದುರೆಯಿಂದ ಬಿದ್ದು ಸತ್ತ. ಹನ್ನೊಂದು ವರ್ಷದ ಎನ್ರಿಕೆ ರಾಜನಾದ, ಕತಲಿನಾ ರಾಣಿಯಾದಳು. 1401ರಲ್ಲಿ ಅವರಿಗೆ ಹುಟ್ಟಿದ ಮೊದಲ ಮಗು ಹೆಣ್ಣು. ಮರಿಯಾ ಎಂದು ಹೆಸರಿಟ್ಟು, ಉತ್ತರಾಧಿಕಾರಿಣಿಯೆಂದು ಒಪ್ಪಿ ನಗರಗಳ ಪ್ರತಿನಿಧಿಗಳು ಮತ್ತು ಸರದಾರರು ಸೇರಿದ ‘ಕೋರ್ತೆಸ್’ ಸಭೆ ಅವಳಿಗೆ ನಿಷ್ಠೆಯ ಪ್ರಮಾಣ ಮಾಡಿತು. ವಾರಸುದಾರರು ಯಾರೆಂಬುದಕ್ಕೆ ಅಂದಿನ ಕಾಲದಲ್ಲಿ ಈ ಪ್ರಮಾಣವೇ ಮುದ್ರೆ. 1405ರ ಮಾರ್ಚ್‌ನಲ್ಲಿ ತಮ್ಮ ಹುವಾನ್ ಹುಟ್ಟಿದ, ಬಿರುದು ತೊಟ್ಟಿಲು ಬದಲಿಸಿತು. ಮುಂದೆ ಅರಾಗಾನ್‌ನ ರಾಜ ಐದನೆಯ ಅಲ್ಫೊನ್ಸೊನನ್ನು ಮದುವೆಯಾದ ಇದೇ ಮರಿಯಾ, ಗಂಡ ನೇಪಲ್ಸ್ ಗೆಲ್ಲಲು ಹೋಗಿ ಅಲ್ಲಿಯೇ ನೆಲೆಯೂರಿದಾಗ, ಅವನ ಪ್ರತಿನಿಧಿಯಾಗಿ ಕತಲೂನ್ಯದ ಆಡಳಿತವನ್ನು ಎರಡು ದಶಕಗಳಿಗೂ ಮಿಕ್ಕಿ ನಡೆಸಿದಳು. ಕ್ಯಾಸ್ಟೀಲ್‌ನಲ್ಲಿ ಮೂರು ವರ್ಷದ ಮಗುವಾಗಿದ್ದಾಗ ಕಳೆದುಕೊಂಡ ಅಧಿಕಾರವನ್ನು ಪಕ್ಕದ ರಾಜ್ಯದಲ್ಲಿ ಗಂಡನ ಹೆಸರಿನಲ್ಲಿ ಚಲಾಯಿಸಿದ ಈಕೆಗೆ ಬಿರುದಿನ ಪಟ್ಟಿಗಳಲ್ಲಿ ಸಿಗುವ ಜಾಗ ಒಂದೇ ಸಾಲು.

ತಮ್ಮ ಹುವಾನ್ ಬೆಳೆದು ರಾಜನಾದ ಮೇಲೆ ಅವನ ಮನೆಯಲ್ಲಿಯೂ ಅದೇ ನಡೆಯಿತು. 1422ರಲ್ಲಿ ಹುಟ್ಟಿದ ಹಿರಿಯ ಮಗಳು ಕತಲಿನಾ ಎರಡು ವರ್ಷ ತುಂಬುವ ಮುನ್ನ ತೀರಿಕೊಂಡಳು. ಬಿರುದು ಅವಳ ತಂಗಿಗೆ ಬಂತು, ಆ ಮಗುವಿನ ಹೆಸರು ಲೆಯೊನೊರ್. ಕೆಲವೇ ತಿಂಗಳಲ್ಲಿ, 1425ರ ಜನವರಿಯಲ್ಲಿ, ತಮ್ಮ ಎನ್ರಿಕೆ ಹುಟ್ಟಿದ. ಬಿರುದು ಅವನ ಕಡೆಗೆ ಹೋಯಿತು, ಲೆಯೊನೊರ್ ಆ ವರ್ಷದಲ್ಲಿಯೇ ತೀರಿಕೊಂಡಳು. ಇಂದಿನ ರಾಜಕುಮಾರಿಯ ಹೆಸರೇ ಇದ್ದ ಈ ಮಗು ಬದುಕಿದ್ದು ಎರಡು ವರ್ಷಕ್ಕೂ ಕಡಿಮೆ.

ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬಿರುದು ಒಂದು ಅಂತರ್ಯುದ್ಧಕ್ಕೇ ಕಾರಣವಾಯಿತು. ಲೆಯೊನೊರಳ ಆ ತಮ್ಮ ನಾಲ್ಕನೆಯ ಎನ್ರಿಕೆಯಾಗಿ ಆಳುತ್ತಿದ್ದಾಗ, 1462ರಲ್ಲಿ, ಅವನ ರಾಣಿಗೆ ಹುವಾನಾ ಎಂಬ ಮಗಳು ಹುಟ್ಟಿದಳು. ಕೋರ್ತೆಸ್ ಅವಳಿಗೆ ಕ್ರಮಬದ್ಧವಾಗಿ ಪ್ರಮಾಣ ಮಾಡಿತು. ಆದರೆ ರಾಜನ ವಿರೋಧಿ ಸರದಾರರು, ಆ ಮಗು ರಾಜನದಲ್ಲ, ಆಸ್ಥಾನದ ಬೆಲ್ತ್ರಾನ್ ದೆ ಲಾ ಕುವೆವಾ ಎಂಬುವನದು ಎಂಬ ಗುಲ್ಲೆಬ್ಬಿಸಿದರು. ‘ಬೆಲ್ತ್ರಾನೆಹಾ’ ಎಂಬ ಅಡ್ಡಹೆಸರು ಆ ಹುಡುಗಿಗೆ ಅಂಟಿಕೊಂಡು, ಐದು ಶತಮಾನಗಳಾದರೂ ಇತಿಹಾಸದ ಪುಸ್ತಕಗಳಿಂದ ಬಿಟ್ಟುಹೋಗಿಲ್ಲ. ಒತ್ತಡಕ್ಕೆ ಮಣಿದ ರಾಜ 1464ರಲ್ಲಿ ತನ್ನ ಮಲತಮ್ಮ ಅಲ್ಫೊನ್ಸೊನನ್ನು ಉತ್ತರಾಧಿಕಾರಿಯೆಂದು ಒಪ್ಪಿಕೊಂಡ. ಮರುವರ್ಷ ಆವಿಲಾದಲ್ಲಿ ಸರದಾರರು ರಾಜನ ಗೊಂಬೆಯೊಂದನ್ನು ವೇದಿಕೆಯ ಮೇಲೆ ಕೂರಿಸಿ, ಅದರ ಕಿರೀಟ ಮತ್ತು ಖಡ್ಗಗಳನ್ನು ಕಿತ್ತು ಕೆಳಕ್ಕೆ ತಳ್ಳಿ, ಹನ್ನೊಂದು ವರ್ಷದ ಅಲ್ಫೊನ್ಸೊನನ್ನೇ ರಾಜನೆಂದು ಘೋಷಿಸಿಬಿಟ್ಟರು. 1468ರ ಜುಲೈನಲ್ಲಿ ಆ ಹುಡುಗ ತೀರಿಕೊಂಡ. ಆಗ ಮುಂದೆ ಬಂದವಳು ಅವನ ಅಕ್ಕ ಇಸಬೆಲ್ಲಾ. ಕೊಲಂಬಸನ ಯಾನಕ್ಕೆ ನೆರವಾದ ರಾಣಿಯೆಂದು ನಾವು ಶಾಲೆಯ ಪಾಠಗಳಲ್ಲಿ ಓದಿದ ಇಸಬೆಲ್ಲಾ ಇವಳೇ.

ಅದೇ ವರ್ಷ ಸೆಪ್ಟೆಂಬರಿನಲ್ಲಿ, ಪುರಾತನ ಕಾಲದ ಕಲ್ಲಿನ ಗೂಳಿಗಳು ನಿಂತಿರುವ ಗಿಸಾಂದೊ ಎಂಬ ಬಯಲಿನಲ್ಲಿ ರಾಜ ತನ್ನ ಮಲತಂಗಿಯನ್ನು ಆಸ್ತೂರಿಯಾಸ್‌ನ ರಾಜಕುಮಾರಿಯೆಂದು ಒಪ್ಪಿಕೊಂಡ. ತನ್ನ ಸಮ್ಮತಿಯಿಲ್ಲದೆ ಮದುವೆಯಾಗಬಾರದು ಎಂಬುದು ಅವನ ಷರತ್ತು. ಮರುವರ್ಷ ಇಸಬೆಲ್ಲಾ ಅರಾಗಾನ್‌ನ ರಾಜಪುತ್ರ ಫರ್ಡಿನೆಂಡ್‌ನನ್ನು ವಯ್ಯಾದೊಲಿದ್‌ನಲ್ಲಿ ಅಣ್ಣನ ಒಪ್ಪಿಗೆಯಿಲ್ಲದೆ ಮದುವೆಯಾದಳು. ಸಿಟ್ಟಿಗೆದ್ದ ರಾಜ 1470ರಲ್ಲಿ ಬಿರುದನ್ನು ಅವಳಿಂದ ಹಿಂತೆಗೆದು ಮತ್ತೆ ಎಂಟು ವರ್ಷದ ಹುವಾನಾಳಿಗೆ ಕೊಟ್ಟ. ಹೀಗೆ ಒಂದೇ ಬಿರುದಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರ ಕೈಯಲ್ಲೂ ರಾಜನೇ ಕೊಟ್ಟ ಮಾತು. 1474ರ ಡಿಸೆಂಬರಿನಲ್ಲಿ ರಾಜ ಸತ್ತ ಸುದ್ದಿ ಬಂದೊಡನೆ ಇಸಬೆಲ್ಲಾ ಸೆಗೋವಿಯಾದಲ್ಲಿ ತನ್ನನ್ನು ರಾಣಿಯೆಂದು ಘೋಷಿಸಿಕೊಂಡಳು. ಹುವಾನಾಳ ಪರವಾಗಿ ಪೋರ್ಚುಗಲ್‌ನ ರಾಜ ನಿಂತ. ಯುದ್ಧ 1479ರವರೆಗೆ ನಡೆದು, ಇಸಬೆಲ್ಲಾ ಗೆದ್ದಳು, ಹುವಾನಾ ಪೋರ್ಚುಗಲ್‌ನ ಸನ್ಯಾಸಿನಿಯರ ಮಠ ಸೇರಬೇಕಾಯಿತು. ಆಕೆ 1530ರವರೆಗೆ ಬದುಕಿದ್ದಳು, ಗೆದ್ದವಳು ಸತ್ತು ಇಪ್ಪತ್ತೈದು ವರ್ಷಗಳಾದ ಮೇಲೂ. ಕೊನೆಯವರೆಗೂ ತನ್ನ ಕಾಗದಗಳಿಗೆ ‘ನಾನು, ರಾಣಿ’ ಎಂದೇ ಸಹಿ ಹಾಕುತ್ತಿದ್ದಳು. ಇಸಬೆಲ್ಲಾಳ ಸಾಮರ್ಥ್ಯದ ಬಗ್ಗೆ ನನಗೆ ಗೌರವವಿದೆ, ಆದರೂ ಈ ಸಹಿಯ ವಿಷಯ ಓದಿದಾಗಲೆಲ್ಲ ಮನಸ್ಸು ಹುವಾನಾಳ ಕಡೆಗೇ ವಾಲುತ್ತದೆ. ಹನ್ನೆರಡು ವರ್ಷವಾಗುವಷ್ಟರಲ್ಲಿ ಎರಡು ಸಲ ಪಡೆದು ಎರಡು ಸಲ ಕಳೆದುಕೊಂಡ ಹಕ್ಕನ್ನು, ತನ್ನ ತಂದೆ ಯಾರೆಂಬುದನ್ನೇ ಪ್ರಶ್ನಿಸಿದ ಲೋಕದ ಮುಂದೆ, ಆಕೆ ಉಳಿಸಿಕೊಳ್ಳಬಹುದಾಗಿದ್ದದ್ದು ಆ ಎರಡು ಪದಗಳಲ್ಲಿ ಮಾತ್ರ.

ಗೆದ್ದ ಇಸಬೆಲ್ಲಾಳ ಮನೆಯಲ್ಲಿ ಬಿರುದು ಸಾವಿನ ಹಿಂದೆ ಸಾವು ಕಂಡಿತು. ಹಿರಿಯ ಮಗಳಿಗೆ, ಅವಳ ಹೆಸರೂ ಇಸಬೆಲ್, 1476ರಲ್ಲಿ ಪ್ರಮಾಣ ಮಾಡಿದರು. 1478ರಲ್ಲಿ ತಮ್ಮ ಹುವಾನ್ ಹುಟ್ಟಿದ ಮೇಲೆ ಅವಳ ಸ್ಥಾನ ಹೋಯಿತು. ಆ ಹುವಾನ್ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮದುವೆಯಾಗಿ ಆರು ತಿಂಗಳಾಗಿದ್ದಾಗ, 1497ರ ಅಕ್ಟೋಬರಿನಲ್ಲಿ ಸಲಮಾಂಕಾದಲ್ಲಿ ತೀರಿಕೊಂಡ. ಅವನ ಅಮೃತಶಿಲೆಯ ಸಮಾಧಿ ಆವಿಲಾದ ಸಂತ ತೋಮಾಸ್ ಮಠದಲ್ಲಿದೆ. ಅಷ್ಟರಲ್ಲಿ ಪೋರ್ಚುಗಲ್‌ನ ರಾಣಿಯಾಗಿದ್ದ ಅಕ್ಕ ಇಸಬೆಲ್ ಮತ್ತೆ ರಾಜಕುಮಾರಿಯಾಗಿ 1498ರಲ್ಲಿ ತೊಲೆದೊದಲ್ಲಿ ಪ್ರಮಾಣ ಪಡೆದಳು. ಅಲ್ಲಿಂದ ಸಾರಗೋಸಾಕ್ಕೆ ಹೋದರೆ, ಅರಾಗಾನ್‌ನ ಪ್ರತಿನಿಧಿಗಳು ಹೆಣ್ಣಿಗೆ ಪ್ರಮಾಣ ಮಾಡಲು ಹಿಂದೆಮುಂದೆ ನೋಡಿದರು. ಆ ಚರ್ಚೆ ನಡೆಯುತ್ತಿರುವಾಗಲೇ, ಆಗಸ್ಟ್‌ನಲ್ಲಿ, ಆಕೆ ಗಂಡುಮಗುವನ್ನು ಹೆತ್ತು ಅಲ್ಲಿಯೇ ಪ್ರಾಣಬಿಟ್ಟಳು. ತಾಯಿಗೆ ಸಿಗದ ಪ್ರಮಾಣ ಹಸುಗೂಸು ಮಿಗೆಲ್‌ಗೆ ಸಿಕ್ಕಿತು. ಕ್ಯಾಸ್ಟೀಲ್, ಅರಾಗಾನ್, ಪೋರ್ಚುಗಲ್ ಮೂರಕ್ಕೂ ವಾರಸುದಾರನಾಗಿದ್ದ ಆ ಮಗು ಎರಡು ವರ್ಷ ತುಂಬುವ ಮೊದಲೇ, 1500ರ ಜುಲೈನಲ್ಲಿ, ಗ್ರನಾದಾದಲ್ಲಿ ಅಜ್ಜಿಯ ಮಡಿಲಲ್ಲಿಯೇ ತೀರಿಹೋಯಿತು. ಆಮೇಲೆ ಬಿರುದು ಬಂದದ್ದು ಇಸಬೆಲ್ಲಾಳ ಇನ್ನೊಬ್ಬ ಮಗಳು ಹುವಾನಾಳಿಗೆ. ‘ಹುಚ್ಚಿ’ ಎಂಬ ವಿಶೇಷಣವಿಲ್ಲದೆ ಯಾರೂ ಹೆಸರಿಸದ ಆ ರಾಣಿಯ ಮೂಲಕವೇ ಸ್ಪೇನ್ ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಸೇರಿತು.

ಹ್ಯಾಬ್ಸ್‌ಬರ್ಗ್‌ಗಳ ಕಾಲದಲ್ಲಿ ಪ್ರಮಾಣದ ಸಮಾರಂಭ ಮ್ಯಾಡ್ರಿಡ್‌ನ ಸಂತ ಹೆರೋನಿಮೊ ಚರ್ಚಿನಲ್ಲಿ ನೆಲೆ ಕಂಡುಕೊಂಡಿತು. ಎರಡನೆಯ ಫೆಲಿಪೆಗೆ ಅಲ್ಲಿ 1528ರಲ್ಲಿ, ಒಂದು ವರ್ಷ ತುಂಬುವ ಮುನ್ನವೇ ಪ್ರಮಾಣ ಮಾಡಿದರು. ಅವನ ಮಕ್ಕಳಲ್ಲಿ ಕಾರ್ಲೊಸ್ 1568ರಲ್ಲಿ ತಂದೆಯ ಬಂಧನದಲ್ಲಿಯೇ ಸತ್ತ, ಫರ್ನಾಂದೊ ಏಳು ತುಂಬುವ ಮೊದಲು, ದಿಯೆಗೊ ಏಳು ದಾಟಿದ ಮೇಲೆ ತೀರಿಕೊಂಡರು. ಬಿರುದನ್ನು ಹೊತ್ತು ಸಿಂಹಾಸನದವರೆಗೆ ಬಂದವನು ನಾಲ್ಕನೆಯವನಾದ ಇನ್ನೊಬ್ಬ ಫೆಲಿಪೆ. ವಿಯೆನ್ನಾದ ಕಲಾಸಂಗ್ರಹಾಲಯದಲ್ಲಿ ಚಿತ್ರಕಾರ ವೆಲಾಸ್ಕೆಸ್ 1659ರಲ್ಲಿ ಬರೆದ ಫೆಲಿಪೆ ಪ್ರೊಸ್ಪೆರೊ ಎಂಬ ಪುಟ್ಟ ರಾಜಕುಮಾರನ ಚಿತ್ರವಿದೆ. ಎರಡು ವರ್ಷದ ಆ ಮಗುವಿನ ಬಿಳಿ ಮೇಲುಡುಪಿನ ಮೇಲೆ ಗಂಟೆ ಮತ್ತು ತಾಯಿತಗಳನ್ನು ಸಾಲಾಗಿ ತೂಗಬಿಟ್ಟಿದ್ದಾರೆ, ಪಕ್ಕದ ಕುರ್ಚಿಯ ಮೇಲೊಂದು ಸಣ್ಣ ನಾಯಿ ಮಲಗಿದೆ. ದೃಷ್ಟಿ ತಾಗದಿರಲೆಂದು ಮಗುವಿಗೆ ಕಟ್ಟುವ ಕಪ್ಪು ಮಣಿ, ತಾಯಿತಗಳನ್ನು ಬಲ್ಲ ನಮಗೆ ಆ ಚಿತ್ರದಲ್ಲಿನ ಭಯ ಯಾರೂ ವಿವರಿಸದೆ ಅರ್ಥವಾಗುತ್ತದೆ. 1661ರ ನವೆಂಬರ್ 1ರಂದು ಮಗು ತೀರಿಕೊಂಡಿತು. ಐದು ದಿನಗಳ ಮೇಲೆ ಹುಟ್ಟಿದ ತಮ್ಮ ಕಾರ್ಲೊಸ್ ಮುಂದೆ ಆ ಮನೆತನದ ಕೊನೆಯ ರಾಜನಾದ.

ಇಲ್ಲಿಯೇ ಒಂದು ವಿಷಯವನ್ನು ಗಮನಿಸಬೇಕು. ಇದಕ್ಕೂ ಮೊದಲು, 1646ರಲ್ಲಿ, ನಾಲ್ಕನೆಯ ಫೆಲಿಪೆಯ ಮಗ ಬಲ್ತಸಾರ್ ಕಾರ್ಲೊಸ್ ಹದಿನಾರನೆಯ ವಯಸ್ಸಿನಲ್ಲಿ ಸತ್ತಾಗ ಉಳಿದವಳು ಮಗಳು ಮರಿಯಾ ತೆರೆಸಾ. ಫೆಲಿಪೆ ಪ್ರೊಸ್ಪೆರೊ ಹುಟ್ಟುವವರೆಗಿನ ಹನ್ನೊಂದು ವರ್ಷ ಆಕೆಯೇ ವಾರಸುದಾರಳು, ಆದರೂ ಆಸ್ತೂರಿಯಾಸ್‌ನ ರಾಜಕುಮಾರಿಯೆಂದು ಆಕೆಗೆ ಯಾರೂ ಪ್ರಮಾಣ ಮಾಡಲಿಲ್ಲ. ಹಾಗೆ ಬದಿಗಿಟ್ಟ ಮಗಳು ಫ್ರಾನ್ಸ್‌ನ ಹದಿನಾಲ್ಕನೆಯ ಲೂಯಿಯನ್ನು ಮದುವೆಯಾದಳು. 1700ರಲ್ಲಿ ಸ್ಪೇನ್‌ನ ಗಂಡು ಸಂತತಿ ನಿಂತುಹೋದಾಗ ಅವಳ ಮೊಮ್ಮಗನೇ ಐದನೆಯ ಫೆಲಿಪೆಯಾಗಿ ಬಂದು ಬೂರ್ಬೋನ್ ಮನೆತನವನ್ನು ಅಲ್ಲಿ ನೆಲೆಗೊಳಿಸಿದ. ಅಜ್ಜಿಯ ರಕ್ತದ ಹಕ್ಕಿನಿಂದ ಸಿಂಹಾಸನವೇರಿದ ಆ ರಾಜ 1713ರಲ್ಲಿ ಹೊರಡಿಸಿದ ಉತ್ತರಾಧಿಕಾರದ ಕಾನೂನು, ಗಂಡು ಸಂತತಿಯ ಎಲ್ಲ ಕವಲುಗಳೂ ಮುಗಿಯುವ ತನಕ ಹೆಣ್ಣುಮಕ್ಕಳಿಗೆ ಪಟ್ಟವಿಲ್ಲ ಎಂದಿತು. ಕ್ಯಾಸ್ಟೀಲ್‌ನ ಹಳೆಯ ಪದ್ಧತಿಯಲ್ಲಿ ತಮ್ಮನಿಲ್ಲದ ಮಗಳಿಗಿದ್ದ ಸ್ಥಾನವೂ ಹೀಗೆ ಹೋಯಿತು. ಈ ಬಿರುದಿನ ಆರುನೂರು ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ಕೃತಘ್ನತೆ ನನಗೆ ಕಾಣಲಿಲ್ಲ.

ಆ ಕಾನೂನನ್ನು ರದ್ದುಮಾಡಲು 1789ರಲ್ಲಿ ಕೋರ್ತೆಸ್ ಒಪ್ಪಿತು, ಆದರೆ ನಿರ್ಣಯವನ್ನು ಗುಟ್ಟಾಗಿಟ್ಟರು. ಅದೇ ಸಭೆಯಲ್ಲಿ ಐದು ತುಂಬುವ ಹೊತ್ತಿನಲ್ಲಿದ್ದ ರಾಜಕುಮಾರನೊಬ್ಬನಿಗೆ ಪ್ರಮಾಣ ಮಾಡಿದ್ದರು. ಅವನೇ ಏಳನೆಯ ಫರ್ನಾಂದೊ ಆಗಿ, ನಾಲ್ಕನೆಯ ಹೆಂಡತಿ ಬಸುರಿಯಾಗಿದ್ದ 1830ರಲ್ಲಿ, ನಲವತ್ತೊಂದು ವರ್ಷ ಹಳೆಯ ಆ ನಿರ್ಣಯವನ್ನು ಹೊರತೆಗೆದು ಪ್ರಕಟಿಸಿದ. ಅಕ್ಟೋಬರಿನಲ್ಲಿ ಮಗಳು ಇಸಾಬೆಲ್ ಹುಟ್ಟಿದಳು. 1833ರ ಜೂನ್‌ನಲ್ಲಿ ಅವಳಿಗೆ ಪ್ರಮಾಣ ಮಾಡಿದರು, ಸೆಪ್ಟೆಂಬರಿನಲ್ಲಿ ತಂದೆ ಸತ್ತ, ಮೂರು ತುಂಬದ ಮಗು ರಾಣಿಯಾಯಿತು. ರಾಜನ ತಮ್ಮ ಕಾರ್ಲೊಸ್ ಅದನ್ನು ಒಪ್ಪದೆ ಶಸ್ತ್ರ ಹಿಡಿದುದರಿಂದ ಆರಂಭವಾದ ಕಾರ್ಲಿಸ್ಟ್ ಯುದ್ಧಗಳು ಆ ಶತಮಾನವನ್ನೇ ರಕ್ತದಲ್ಲಿ ತೋಯಿಸಿದವು.

ಇಸಾಬೆಲ್ ರಾಣಿಯ ಹಿರಿಯ ಮಗಳ ಕಥೆಯನ್ನು ನಾನು ಅವಸರದಲ್ಲಿ ಹೇಳಲಾರೆ. ಚೊಚ್ಚಲು ಮಗು ಗಂಡಾಗಲಿ ಹೆಣ್ಣಾಗಲಿ ಆಸ್ತೂರಿಯಾಸ್ ಬಿರುದು ಅದಕ್ಕೇ ಎಂದು 1850ರಲ್ಲಿ ಆಜ್ಞೆ ಹೊರಟಿತ್ತು. 1851ರ ಡಿಸೆಂಬರ್ 20ರಂದು ಹುಟ್ಟಿದ ಮಗುವಿಗೂ ತಾಯಿಯ ಹೆಸರನ್ನೇ ಇಟ್ಟರು. ಮೋಟು ಮೂಗಿನವಳೆಂದು ಮ್ಯಾಡ್ರಿಡ್‌ನ ಜನ ಪ್ರೀತಿಯಿಂದ ‘ಲಾ ಚಾತಾ’ ಎಂದು ಕರೆದರು. ಮಗು ಹುಟ್ಟಿ ಆರು ವಾರಗಳಾಗಿದ್ದಾಗ, ದೇವರ ದರ್ಶನಕ್ಕೆ ಹೊರಟಿದ್ದ ರಾಣಿಯನ್ನು ಅರಮನೆಯಲ್ಲಿಯೇ ಪಾದ್ರಿಯೊಬ್ಬ ಚೂರಿಯಿಂದ ಇರಿದ. ರಾಣಿ ಬದುಕಿದಳು. 1857ರ ನವೆಂಬರಿನಲ್ಲಿ ತಮ್ಮ ಅಲ್ಫೊನ್ಸೊ ಹುಟ್ಟಿದಾಗ ಆರನೆಯ ಹುಟ್ಟುಹಬ್ಬದ ಹೊಸ್ತಿಲಲ್ಲಿದ್ದ ಲಾ ಚಾತಾ ಬಿರುದನ್ನು ಕಳೆದುಕೊಂಡಳು. 1868ರ ಕ್ರಾಂತಿಯಲ್ಲಿ ತಾಯಿ ಪದಚ್ಯುತಳಾದಳು. ಲಾ ಚಾತಾಳ ಗಂಡ ಮದುವೆಯಾದ ಮೂರು ವರ್ಷಕ್ಕೆ ಆತ್ಮಹತ್ಯೆ ಮಾಡಿಕೊಂಡ. ನಡುವೆ ಇಟಲಿಯಿಂದ ಕರೆತಂದ ಅಮೆದೆಯೊ ಎರಡು ವರ್ಷ ಆಳಿ ಬಿಟ್ಟುಹೋದ, ಒಂದು ಗಣರಾಜ್ಯ ಬಂದುಹೋಯಿತು. ತಮ್ಮ ಹನ್ನೆರಡನೆಯ ಅಲ್ಫೊನ್ಸೊ ಆಗಿ ಮರಳಿದಾಗ, ಅವನಿಗೆ ಮಕ್ಕಳಿಲ್ಲದ ಕಾರಣ, ವಿಧವೆ ಅಕ್ಕ ಎರಡನೆಯ ಸಲ ಆಸ್ತೂರಿಯಾಸ್‌ನ ರಾಜಕುಮಾರಿಯಾದಳು. 1880ರಲ್ಲಿ ತಮ್ಮನಿಗೆ ಮಗಳು ಹುಟ್ಟುವವರೆಗೆ ಆ ಸ್ಥಾನವನ್ನು ಕಾಯ್ದಳು. ಬಳಿಕ ಅರ್ಧ ಶತಮಾನ ಮ್ಯಾಡ್ರಿಡ್‌ನ ಹಬ್ಬ, ಜಾತ್ರೆ, ಗೂಳಿಕಾಳಗಗಳಲ್ಲಿ ಜನರ ನಡುವೆ ಕಾಣಿಸಿಕೊಂಡ ಆಕೆಯನ್ನು, 1931ರ ಏಪ್ರಿಲ್ 14ರಂದು ಎರಡನೆಯ ಗಣರಾಜ್ಯ ಘೋಷಣೆಯಾದಾಗ, ಹೊಸ ಸರ್ಕಾರ ದೇಶ ಬಿಡಬೇಕಿಲ್ಲವೆಂದಿತು. ಕುಟುಂಬದವರು ಹೋದ ದಾರಿಯಲ್ಲೇ ತಾನೂ ಹೋಗುವೆನೆಂದು, ಕಾಯಿಲೆ ಬಿದ್ದಿದ್ದ ಎಪ್ಪತ್ತೊಂಬತ್ತರ ವೃದ್ಧೆ ರೈಲು ಹತ್ತಿದಳು. ಅದೇ ತಿಂಗಳು ಪ್ಯಾರಿಸ್‌ನಲ್ಲಿ ಕಣ್ಣುಮುಚ್ಚಿದಳು.

1880ರಲ್ಲಿ ಹುಟ್ಟಿದ ಆ ಸೋದರಸೊಸೆ ಮರಿಯಾ ದೆ ಲಾಸ್ ಮರ್ಸೆದೆಸ್. ಅವಳು ಹುಟ್ಟುವ ಕೆಲವೇ ವಾರಗಳ ಮುನ್ನ ಪ್ರಧಾನಿ ಕಾನೊವಾಸ್ ಈ ಬಿರುದನ್ನು ಗಂಡುಮಕ್ಕಳಿಗೆ ಮೀಸಲಿಡುವ ಆಜ್ಞೆ ಹೊರಡಿಸಿದ್ದರಿಂದ ಮಗು ಬಿರುದಿಲ್ಲದೆ ಹುಟ್ಟಿತು. ಮರುವರ್ಷ ಸರ್ಕಾರ ಬದಲಾಗಿ, ಉದಾರವಾದಿ ಸಗಾಸ್ತಾ ಬಂದ ಮೇಲೆ 1881ರ ಮಾರ್ಚ್‌ನಲ್ಲಿ ಬಿರುದು ಸಿಕ್ಕಿತು. 1885ರ ನವೆಂಬರಿನಲ್ಲಿ ತಂದೆ ಕ್ಷಯದಿಂದ ತೀರಿಕೊಂಡಾಗ ಅವಳಿಗೆ ಐದು ವರ್ಷ. ನ್ಯಾಯವಾಗಿ ಅವಳು ಆ ಕ್ಷಣದಲ್ಲಿ ರಾಣಿಯಾಗಬೇಕಿತ್ತು. ಆದರೆ ತಾಯಿ ಬಸುರಿ. ಹುಟ್ಟುವುದು ಗಂಡಾದರೆ? ಸುಮಾರು ಆರು ತಿಂಗಳು ಸ್ಪೇನ್‌ನ ಸಿಂಹಾಸನ ಯಾರನ್ನೂ ಹೆಸರಿಸದೆ ಕಾಯಿತು. 1886ರ ಮೇ 17ರಂದು ಹುಟ್ಟಿದ್ದು ಗಂಡು, ಆ ಕೂಸು ಹುಟ್ಟಿದ ಕ್ಷಣದಿಂದಲೇ ಹದಿಮೂರನೆಯ ಅಲ್ಫೊನ್ಸೊ. ಮರ್ಸೆದೆಸ್ ರಾಜಕುಮಾರಿಯಾಗಿಯೇ ಉಳಿದು, 1904ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಹೆರಿಗೆಯ ಬೆನ್ನಿಗೇ ತೀರಿಕೊಂಡಳು.

ಆನಂತರ ಬಿರುದು ಹೊತ್ತ ಇನ್ನೊಬ್ಬ ಅಲ್ಫೊನ್ಸೊ 1907ರಲ್ಲಿ ಹುಟ್ಟಿದ, ರಕ್ತ ಹೆಪ್ಪುಗಟ್ಟದ ಕಾಯಿಲೆಯವನು. ದೇಶಭ್ರಷ್ಟನಾಗಿದ್ದಾಗ ರಾಜವಂಶದವಳಲ್ಲದ ಕ್ಯೂಬಾದ ಹೆಣ್ಣನ್ನು ಮದುವೆಯಾಗಲು 1933ರಲ್ಲಿ ಹಕ್ಕು ಬಿಟ್ಟುಕೊಟ್ಟ, 1938ರಲ್ಲಿ ಮಯಾಮಿಯಲ್ಲಿ ಕಾರು ಅಪಘಾತದಲ್ಲಿ ಸತ್ತ. ಸರ್ವಾಧಿಕಾರಿ ಫ್ರಾಂಕೊ 1969ರಲ್ಲಿ ಹುವಾನ್ ಕಾರ್ಲೊಸ್ ಅವರನ್ನು ತನ್ನ ಉತ್ತರಾಧಿಕಾರಿಯಾಗಿ ಆರಿಸಿದಾಗ ಆಸ್ತೂರಿಯಾಸ್ ಹೆಸರನ್ನು ಬೇಕೆಂದೇ ಬಿಟ್ಟು ‘ಸ್ಪೇನ್‌ನ ರಾಜಕುಮಾರ’ ಎಂಬ ಹೊಸ ಬಿರುದನ್ನು ಹುಟ್ಟುಹಾಕಿದ. ಹಳೆಯ ಬಿರುದು ಕೊಟ್ಟರೆ, ಪೋರ್ಚುಗಲ್‌ನಲ್ಲಿ ನೆಲೆಸಿದ್ದ ಅವರ ತಂದೆಯೇ ನಿಜವಾದ ರಾಜನೆಂದು ಒಪ್ಪಿದಂತಾಗುತ್ತಿತ್ತು. 1975ರಲ್ಲಿ ಹುವಾನ್ ಕಾರ್ಲೊಸ್ ರಾಜರಾದರು. 1977ರ ಜನವರಿಯಲ್ಲಿ ರಾಜಾಜ್ಞೆಯ ಮೂಲಕ ಹಳೆಯ ಬಿರುದು ಅವರ ಮಗ ಫೆಲಿಪೆಗೆ ಮರಳಿತು. ಆ ವರ್ಷದ ನವೆಂಬರ್ 1ರಂದು ಕೊವಡೊಂಗಾದಲ್ಲಿ ಸಮಾರಂಭ ನಡೆದಾಗ ಹುಡುಗನಿಗೆ ಒಂಬತ್ತು ವರ್ಷ, ಹೆಚ್ಚುಕಡಿಮೆ ಪಲೆನ್ಸಿಯಾದ ಮದುಮಗ ಎನ್ರಿಕೆಯ ವಯಸ್ಸು. 1963ರಲ್ಲಿ ಹುಟ್ಟಿದ ಎಲೆನಾ, 1965ರಲ್ಲಿ ಹುಟ್ಟಿದ ಕ್ರಿಸ್ತೀನಾ ಎಂಬ ಇಬ್ಬರು ಅಕ್ಕಂದಿರು ಅವನಿಗಿದ್ದರು. ಮರುವರ್ಷ ಬಂದ ಪ್ರಜಾಸತ್ತಾತ್ಮಕ ಸಂವಿಧಾನ 57ನೆಯ ವಿಧಿಯಲ್ಲಿ ಆ ಕ್ರಮವನ್ನೇ ಬರೆದಿಟ್ಟಿತು. ಲಿಂಗದ ಆಧಾರದಲ್ಲಿ ಭೇದ ಸಲ್ಲದು ಎನ್ನುವ 14ನೆಯ ವಿಧಿಯೂ ಅದೇ ಪುಸ್ತಕದಲ್ಲಿದೆ.

ನಮ್ಮ ಕಡೆಯವರಲ್ಲಿ ಕೆಲವರಿಗೆ ಆಸ್ತೂರಿಯಾಸ್ ಎಂಬ ಹೆಸರು ಅರಮನೆಯ ದಾರಿಯಲ್ಲಲ್ಲ, ಪ್ರಶಸ್ತಿಯೊಂದರ ಮೂಲಕ ಪರಿಚಯವಾಗಿರಬಹುದು. 1980ರಲ್ಲಿ ರಾಜಕುಮಾರನ ಹೆಸರಿನಲ್ಲಿ ಒವಿಯೆದೊದಲ್ಲಿ ಸ್ಥಾಪನೆಯಾದ ಪ್ರತಿಷ್ಠಾನ 1981ರಿಂದ ಪ್ರತಿವರ್ಷ ಪ್ರಶಸ್ತಿಗಳನ್ನು ಕೊಡುತ್ತಿದೆ. ಬಳ್ಳಾರಿಯ ಗಡಿಯಾಚೆ, ಕನ್ನಡ ಮಾತಾಡುವ ಊರುಗಳೂ ಇರುವ ಅನಂತಪುರ ಜಿಲ್ಲೆಯ ಬರದ ಹಳ್ಳಿಗಳಲ್ಲಿ ಬದುಕನ್ನೇ ಸವೆಸಿದ ಬಾರ್ಸಿಲೋನಾದ ವಿಸೆಂತೆ ಫೆರರ್ ಅವರಿಗೆ, ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಮತ್ತು ಇನ್ನಿಬ್ಬರ ಜೊತೆಗೆ, 1998ರ ಸೌಹಾರ್ದ ಪ್ರಶಸ್ತಿ ಬಂದಿತ್ತು. 2021ರಲ್ಲಿ ಸಮಾಜವಿಜ್ಞಾನದ ಪ್ರಶಸ್ತಿ ಅಮರ್ತ್ಯ ಸೇನ್ ಅವರಿಗೆ ಬಂದಾಗ ಅದರ ಹೆಸರು ಬದಲಾಗಿತ್ತು. 2014ರ ಜೂನ್ 19ರಂದು ಫೆಲಿಪೆ ರಾಜರಾಗಿ ಲೆಯೊನೊರ್‌ಗೆ ಬಿರುದು ಬಂದ ಮೇಲೆ ಅದು ‘ಆಸ್ತೂರಿಯಾಸ್‌ನ ರಾಜಕುಮಾರಿ ಪ್ರಶಸ್ತಿ’.

ಲೆಯೊನೊರ್ ಅವರಿಗಿರುವುದು 2007ರಲ್ಲಿ ಹುಟ್ಟಿದ ಸೋಫಿಯಾ ಎಂಬ ಒಬ್ಬ ತಂಗಿ ಮಾತ್ರ. ಹೀಗಾಗಿ ಎಲ್ಲವೂ ಈಗಿನಂತೆಯೇ ಮುಂದುವರಿದರೆ, 1868ರಲ್ಲಿ ಪದಚ್ಯುತಳಾದ ಇಸಾಬೆಲ್‌ಳ ಬಳಿಕ ಸ್ವಂತ ಹಕ್ಕಿನಿಂದ ಸ್ಪೇನ್‌ನ ರಾಣಿಯಾಗುವ ಮೊದಲ ಹೆಣ್ಣು ಅವರೇ. ಅಲ್ಲಿನ ಬೇರೆ ಬೇರೆ ಪಕ್ಷಗಳವರು ಆ ಗಂಡು ಆದ್ಯತೆಯನ್ನು ತೆಗೆಯಬೇಕೆ ಎಂದು ವರ್ಷಗಳಿಂದ ಚರ್ಚಿಸುತ್ತಿದ್ದಾರೆ. ಆದರೆ ರಾಜಪದವಿಗೆ ಸಂಬಂಧಿಸಿದ ಅಧ್ಯಾಯವನ್ನು ತಿದ್ದಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು, ಸಂಸತ್ತನ್ನು ವಿಸರ್ಜಿಸಿ ಹೊಸ ಚುನಾವಣೆ ನಡೆಸಬೇಕು, ಹೊಸ ಸಂಸತ್ತು ಅಷ್ಟೇ ಬಹುಮತದಿಂದ ಮತ್ತೆ ಒಪ್ಪಬೇಕು, ಕೊನೆಗೆ ಜನಮತಗಣನೆಯಾಗಬೇಕು. ಅಷ್ಟು ದೂರ ಹೋಗಲು ಈವರೆಗೆ ಯಾವ ಸರ್ಕಾರವೂ ಮನಸ್ಸು ಮಾಡಿಲ್ಲ. ಲೆಯೊನೊರ್ ಅಂದು ಕೈಯಿಟ್ಟು ಪ್ರಮಾಣ ಮಾಡಿದ ಪುಸ್ತಕದಲ್ಲಿ 57ನೆಯ ವಿಧಿಯ ಆ ಸಾಲು 1978ರಲ್ಲಿ ಇದ್ದಂತೆಯೇ ಇದೆ.